90 ದಿನದ ಪೆವಿಲಿಯನ್ನಿಗೆ ಎಂಜಿನಿಯರ್ಡ್ ಟಿಂಬರ್: ಬಿಚ್ಚೋದ್ರಿಂದ ಶುರು ಮಾಡಿ

ಪ್ರಶ್ನೆ: ನಾನು ಮೈಸೂರಲ್ಲಿ ಆರ್ಕಿಟೆಕ್ಟ್, ಪ್ರಾಕ್ಟೀಸ್ ಶುರು ಮಾಡಿ ಮೂರು ವರ್ಷ ಆಯ್ತು. ಒಂದು ಕರಕುಶಲ ಮೇಳಕ್ಕೆ ಫೆಬ್ರವರಿಯಿಂದ ಏಪ್ರಿಲ್ ಕೊನೆವರೆಗೆ ನಿಲ್ಲೋ ಹಾಗೆ 8 ಮೀಟರ್‌ಗೆ 8 ಮೀಟರ್ ಪೆವಿಲಿಯನ್, ಅಂದ್ರೆ ತಾತ್ಕಾಲಿಕ ಮಂಟಪ, ಮಾಡ್ಬೇಕು. ಎಂಜಿನಿಯರ್ಡ್ ಟಿಂಬರ್‌ನಲ್ಲೇ ಇರ್ಲಿ ಅಂತ ಕ್ಲೈಂಟ್ ಆಸೆ, ಅಂದ್ರೆ ಹಲಗೆ, ಪದರಗಳನ್ನ ಕಾರ್ಖಾನೇಲಿ ಅಂಟಿಸಿ ಮಾಡಿದ ಮರ. ನೆಟ್ಟಲ್ಲಿ ನೋಡಿದ್ದೆಲ್ಲ ಜರ್ಮನಿಯ ರೋಬೋಟ್ ಕೆಲಸ, ನಮ್ಮ ಹತ್ರ ಇರೋದು ಒಂದು ಸಿಎನ್‌ಸಿ ರೂಟರ್ (ಕಂಪ್ಯೂಟರ್ ಡ್ರಾಯಿಂಗ್ ಪ್ರಕಾರ ಮರ ಕೊರೆಯೋ ಯಂತ್ರ), ನಾಲ್ಕು ಜನ ಕಾರ್ಪೆಂಟರ್‌ಗಳು. ಸಿಎಲ್‌ಟಿ ತರಿಸ್ಬೇಕಾ? ಕ್ರಿಯೇಟಿವ್ ಆಗಿ ಏನು ಮಾಡಬಹುದು?

ಉತ್ತರ: ಸಿಎಲ್‌ಟಿ ಬೇಡ. ಇದನ್ನ ಮೊದಲೇ ಹೇಳಿಬಿಡ್ತೀನಿ. ಹಲಗೆಗಳನ್ನ ಅಡ್ಡ ಉದ್ದ ಇಟ್ಟು ಅಂಟಿಸಿ ದಪ್ಪ ಗೋಡೆ ಥರ ಮಾಡಿರೋ ಆ ಸ್ಲ್ಯಾಬು ನಮ್ಮ ಟಿಂಬರ್ ಡಿಪೋದಲ್ಲಿ ಕೇಳಿದ ತಕ್ಷಣ ಸಿಗೋದಲ್ಲ, ಹೆಚ್ಚಾಗಿ ಹೊರದೇಶದಿಂದ ಬರ್ಬೇಕು, ಬಂದ್ಮೇಲೆ ಕ್ರೇನ್ ಬೇಕು, ಮೂರು ತಿಂಗಳಾದ್ಮೇಲೆ ಅದನ್ನ ಕೊಳ್ಳೋರು ಯಾರು ಅಂತ ಹುಡುಕ್ಬೇಕು. ನಿಮ್ಮದು 8 ಮೀಟರ್ ಸ್ಪ್ಯಾನು (ನಡುವೆ ಕಂಬ ಇಲ್ಲದೇ ದಾಟೋ ಅಗಲ), ಅಷ್ಟಕ್ಕೆ ಅದರ ಶಕ್ತಿ ಪೂರ್ತಿ ವೇಸ್ಟು. ಸಿಎಲ್‌ಟಿಯನ್ನ ಪೆವಿಲಿಯನ್ನಲ್ಲಿ ನಿಜವಾಗ್ಲೂ ದುಡಿಸಿಕೊಂಡಿದ್ದು ನೋಡ್ಬೇಕಂದ್ರೆ 2016ರಲ್ಲಿ ಲಂಡನ್ನಲ್ಲಿ ಆಲಿಸನ್ ಬ್ರೂಕ್ಸ್ ಮಾಡಿದ 'ದಿ ಸ್ಮೈಲ್' ನೋಡಿ, 34 ಮೀಟರ್ ಉದ್ದದ ಬಾಗಿದ ಕೊಳವೆ, ನೆಲ ಮುಟ್ತಿದ್ದಿದ್ದು ನಡುವೆ ಮಾತ್ರ, ಎರಡೂ ತುದಿ ಗಾಳೀಲಿ, ಒಳಗೆ ಜನ ಓಡಾಡ್ತಿದ್ರು. ಅಲ್ಲಿ ಗೋಡೆಗಳೇ ತೊಲೆಗಳು. ಆ ಥರದ ಕೆಲಸಕ್ಕೆ ಸಿಎಲ್‌ಟಿ ಸರಿ. ನಾಲ್ಕು ಗೋಡೆ ನಿಲ್ಲಿಸಿ ಮೇಲೊಂದು ಮುಚ್ಚಳ ಹಾಕೋಕೆ ಅದನ್ನ ತರಿಸೋದು ದುಡ್ಡು ಖರ್ಚು ಮಾಡೋ ದಾರಿ ಅಷ್ಟೇ.

ಈಗ ನಿಮ್ಮ ನಿಜವಾದ ಪ್ರಶ್ನೆಗೆ ಬರೋಣ. ಪೆವಿಲಿಯನ್ ಅಂದ ತಕ್ಷಣ ಎಲ್ಲರೂ ಆಕಾರದಿಂದ ಶುರು ಮಾಡ್ತಾರೆ, ಅಲೆ ಥರ ಇರ್ಲಾ, ಎಲೆ ಥರ ಇರ್ಲಾ ಅಂತ. ನಾನು ಹೇಳೋದು, ಮೇ 1ನೇ ತಾರೀಖು ಆ ಮರ ಎಲ್ಲಿಗೆ ಹೋಗತ್ತೆ ಅನ್ನೋದನ್ನ ಮೊದಲು ಬರೀರಿ, ಆಮೇಲೆ ಹಿಂದಕ್ಕೆ ಡಿಸೈನ್ ಮಾಡ್ಕೊಂಡು ಬನ್ನಿ. ಇದು ಪರಿಸರದ ಉಪದೇಶ ಅಲ್ಲ. ಬಿಚ್ಚೋ ಷರತ್ತು ಹಾಕಿಕೊಂಡ ತಕ್ಷಣ ಜಾಯಿಂಟ್ ಹೇಗಿರ್ಬೇಕು, ಪೀಸು ಎಷ್ಟು ಉದ್ದ ಇರ್ಬೇಕು, ಎಲ್ಲಿ ತೂತು ಹೊಡೀಬಹುದು ಎಲ್ಲಿ ಬಾರದು ಅನ್ನೋದೆಲ್ಲ ತಾನಾಗೇ ನಿರ್ಧಾರ ಆಗ್ತಾ ಹೋಗತ್ತೆ, ಆಕಾರವೂ ಅದರಿಂದಲೇ ಹುಟ್ಟತ್ತೆ.

ಇದಕ್ಕೆ ನನಗೆ ತುಂಬಾ ಇಷ್ಟವಾದ ಉದಾಹರಣೆ ಎಂಜಿನಿಯರ್ಡ್ ಟಿಂಬರ್ರೇ ಅಲ್ಲ. 2000ದಲ್ಲಿ ಜರ್ಮನಿಯ ಹ್ಯಾನೋವರ್ ಎಕ್ಸ್‌ಪೋದಲ್ಲಿ ಪೀಟರ್ ಜುಮ್ತೋರ್ ಮಾಡಿದ ಸ್ವಿಸ್ ಪೆವಿಲಿಯನ್. ಹಸಿ ಮರದ ತೊಲೆಗಳನ್ನ ಸಾ ಮಿಲ್ಲಲ್ಲಿ ಒಣಗೋಕೆ ಅಂತ ಒಟ್ಟುತ್ತಾರಲ್ಲ, ಸಂದಿ ಬಿಟ್ಟು ಅಡ್ಡಡ್ಡ, ಅದೇ ಥರ ಒಟ್ಟಿ ಗೋಡೆ ಮಾಡಿದ್ರು. ಮೊಳೆ ಇಲ್ಲ, ಸ್ಕ್ರೂ ಇಲ್ಲ, ಅಂಟು ಇಲ್ಲ, ಮೇಲಿಂದ ಕೆಳಗೆ ಸ್ಟೀಲ್ ರಾಡ್ ಎಳೆದು ಸ್ಪ್ರಿಂಗ್ ಹಾಕಿ ಅದುಮಿ ಹಿಡಿದಿದ್ರು, ಯಾಕಂದ್ರೆ ಮರ ಒಣಗ್ತಾ ಕುಗ್ಗತ್ತೆ, ಕುಗ್ಗಿದಷ್ಟೂ ಸ್ಪ್ರಿಂಗ್ ಎಳೆದುಕೊಳ್ಳತ್ತೆ. ಎಕ್ಸ್‌ಪೋ ಮುಗಿಯೋ ಹೊತ್ತಿಗೆ ಮರ ಚೆನ್ನಾಗಿ ಒಣಗಿತ್ತು, ಬಿಚ್ಚಿ ಮಾರೋಕೆ ರೆಡಿ. ಅಂದ್ರೆ ಪೆವಿಲಿಯನ್ ನಿಂತಿದ್ದ ಸಮಯವೇ ಮರಕ್ಕೆ ಒಂದು ಕೆಲಸ ಮಾಡಿಕೊಟ್ಟಿತ್ತು. ಇದಕ್ಕಿಂತ ಕ್ರಿಯೇಟಿವ್ ಇನ್ನೇನು ಬೇಕು ಹೇಳಿ.

ನಮ್ಮ ಊರುಗಳ ಚಪ್ಪರದೋರು ಮಾಡ್ತಿದ್ದಿದ್ದೂ ಇದನ್ನೇ. ಸರ್ವೆ ಗಳ ಬಾಡಿಗೆಗೆ ಬರತ್ತೆ, ಹಗ್ಗದಲ್ಲಿ ಕಟ್ತಾರೆ, ಮದುವೆ ಮುಗಿದ ಮಾರನೇ ದಿನ ಅದೇ ಗಳ ಇನ್ನೊಂದು ಮನೆ ಮುಂದೆ ನಿಂತಿರತ್ತೆ, ಒಂದು ಗಳಕ್ಕೂ ಗರಗಸ ಮುಟ್ಟಿರಲ್ಲ. ಎಂಜಿನಿಯರ್ಡ್ ಟಿಂಬರ್ ಲೋಕದಲ್ಲಿ ಹಾಗೆ ಕೈಯಿಂದ ಕೈಗೆ ಓಡಾಡೋ ಮಾಲು ಯಾವುದು ಅಂತ ಹುಡುಕಿದ್ರೆ ನಮ್ಮಲ್ಲಿ ಉತ್ತರ ಎದುರಿಗೇ ಇದೆ, ಸೆಂಟ್ರಿಂಗ್. ಕಾಂಕ್ರೀಟ್ ಹಾಕೋಕೆ ಬಳಸೋ ಕಪ್ಪು ಅಥವಾ ಕಂದು ಫಿಲ್ಮ್ ಅಂಟಿಸಿರೋ ಶಟರಿಂಗ್ ಪ್ಲೈ, ಮತ್ತೆ ದೊಡ್ಡ ಸೈಟುಗಳಲ್ಲಿ ಕಾಣೋ ಹಳದಿ ಬಣ್ಣದ ಎಚ್-20 ಬೀಮು, ಅದು 20 ಸೆಂಟಿಮೀಟರ್ ಎತ್ತರದ ಮರದ ಐ-ಬೀಮೇ, ಮೀಟರಿಗೆ 5 ಕೆಜಿ ಹತ್ರ ತೂಕ. ಎರಡೂ ಪಕ್ಕಾ ಎಂಜಿನಿಯರ್ಡ್ ಟಿಂಬರ್, ಆದ್ರೆ ಯಾವ ಆರ್ಕಿಟೆಕ್ಟೂ ಅದನ್ನ ಹಾಗೆ ನೋಡಲ್ಲ, ಸೈಟಲ್ಲಿ ಸಿಮೆಂಟ್ ಮೆತ್ತಿಕೊಂಡು ಬಿದ್ದಿರತ್ತಲ್ಲ ಅದಕ್ಕೆ. ಫಾರ್ಮ್‌ವರ್ಕ್ ಬಾಡಿಗೆ ಕೊಡೋರ ಹತ್ರ ಎಚ್-20 ವಿಚಾರಿಸಿ. ಕತ್ತರಿಸದೇ ತೂತು ಹೊಡೆಯದೇ ಬರೀ ಕ್ಲಾಂಪು ಬೆಲ್ಟು ಹಾಕಿ ಒಟ್ಟಿದ್ರೆ ವಾಪಸ್ ಕೊಡಬಹುದು, ಜುಮ್ತೋರ್ ಥರದ್ದೇ ಗೋಡೆ ಆಗತ್ತೆ.

ನಾನು ನಿಮ್ಮ ಜಾಗದಲ್ಲಿದ್ರೆ ಏನು ಮಾಡ್ತಿದ್ದೆ ಅಂತ ಸ್ವಲ್ಪ ಬಿಡಿಸಿ ಹೇಳ್ತೀನಿ.

18 ಎಂಎಂ ಶಟರಿಂಗ್ ಪ್ಲೈ ತಗೊಳ್ಳಿ. 8 ಅಡಿ ಬೈ 4 ಅಡಿ ಶೀಟನ್ನ ಉದ್ದಕ್ಕೆ ನಾಲ್ಕು ಸೀಳು ಮಾಡಿ, ಒಂದೊಂದು ಪಟ್ಟಿ 8 ಅಡಿ ಉದ್ದ, 1 ಅಡಿ ಅಗಲ, ಸುಮಾರು 9 ಕೆಜಿ. ಯಾಕೆ 1 ಅಡಿ ಅಂದ್ರೆ ಮನೆ ಕಟ್ಟೋ ಸೈಟಲ್ಲಿ ಬೀಮ್ ಸೈಡಿಗೆ ಬೇಕಾಗೋದು ಹೆಚ್ಚುಕಮ್ಮಿ ಅದೇ ಅಗಲದ ಪಟ್ಟಿ, ಕಂಟ್ರಾಕ್ಟರ್‌ಗಳು ಹೇಗಿದ್ರೂ ಹೊಸ ಶೀಟನ್ನ ಹಾಗೇ ಸೀಳ್ತಾರೆ. ನೀವು ಸೀಳಿ ಮೂರು ತಿಂಗಳು ಬಳಸಿ ಕೊಟ್ರೆ ಅವರಿಗೆ ಒಂದು ಕೆಲಸ ಉಳೀತು, ನಡುವೆ ಒಂದು, ತುದಿಗೊಂದು ಬೋಲ್ಟ್ ತೂತಿದ್ರೆ ಯಾರೂ ತಲೆಕೆಡಿಸಿಕೊಳ್ಳಲ್ಲ. ಕಟ್ಟೋಕೆ ಮುಂಚೇನೇ ಒಬ್ಬ ಕಂಟ್ರಾಕ್ಟರ್ ಹತ್ರ ರೇಟ್ ಮಾತಾಡಿ, ಅಡ್ವಾನ್ಸ್ ಇಸ್ಕೊಂಡ್ರೆ ಇನ್ನೂ ಒಳ್ಳೇದು.

ಈ ಗಿಡ್ಡ ಪಟ್ಟಿಗಳಿಂದ 8 ಮೀಟರ್ ಹೇಗೆ ದಾಟೋದು? ಅದಕ್ಕೆ ನೂರು ವರ್ಷ ಹಳೇ ಉಪಾಯ ಇದೆ. ಮೊದಲ ಮಹಾಯುದ್ಧ ಮುಗಿದ ಮೇಲೆ ಜರ್ಮನಿಯ ಮೆರ್ಸೆಬುರ್ಗ್ ಅನ್ನೋ ಊರಲ್ಲಿ ಫ್ರೀಡ್ರಿಶ್ ಜೋಲಿಂಗರ್ ಅನ್ನೋರು ಮನೆ ಕಟ್ಟಿಸೋ ಜವಾಬ್ದಾರೀಲಿದ್ರು, ಮರದ ಅಭಾವ, ಉದ್ದನೆ ತೊಲೆ ಸಿಗ್ತಿರ್ಲಿಲ್ಲ. ಅವರು ಗಿಡ್ಡ ಹಲಗೆಗಳನ್ನೇ ಓರೆಯಾಗಿ ನಿಲ್ಲಿಸಿ ಡೈಮಂಡ್ ಡೈಮಂಡ್ ಥರ ಹೆಣೆದು ಕಮಾನು ಛಾವಣಿ ಮಾಡೋ ಪದ್ಧತಿ ಕಂಡುಹಿಡಿದ್ರು. ಪ್ರತಿ ಹಲಗೆಯ ನಡುಮಧ್ಯಕ್ಕೆ ಆ ಕಡೆ ಈ ಕಡೆಯಿಂದ ಎರಡು ಹಲಗೆಯ ತುದಿಗಳು ಬಂದು ಸೇರ್ತವೆ, ಒಂದೇ ಬೋಲ್ಟ್ ಮೂರನ್ನೂ ಹಿಡಿಯತ್ತೆ. ಎಲ್ಲಾ ಹಲಗೆಗಳೂ ಒಂದೇ ಅಳತೆ. ಲಂಡನ್ನಿನ ಸರ್ಪೆಂಟೈನ್ ಗ್ಯಾಲರಿಯಲ್ಲಿ 2005ರಲ್ಲಿ ಆಲ್ವಾರೋ ಸಿಜಾ, ಎಡ್ವಾರ್ಡೋ ಸೌಟೋ ಡಿ ಮೌರಾ ಅವರು ಎಂಜಿನಿಯರ್ ಸೆಸಿಲ್ ಬಾಲ್ಮಂಡ್ ಜತೆ ಮಾಡಿದ ಪೆವಿಲಿಯನ್ ಇದೇ ವಂಶದ್ದು, ಅಲ್ಲಿ ಎಲ್‌ವಿಎಲ್ ಹಲಗೆ, ಅಂದ್ರೆ ಮರದ ತೆಳು ಹಾಳೆಗಳನ್ನ (ವಿನೀರ್) ನಾರು ಒಂದೇ ದಿಕ್ಕಿಗೆ ಬರೋ ಹಾಗೆ ಅಂಟಿಸಿದ್ದು, ತೂತಿಗೆ ನಾಲಿಗೆ ಕೂರಿಸಿ ಒಂದನ್ನೊಂದು ಹೊತ್ತುಕೊಳ್ಳೋ ಹಾಗೆ ಮಾಡಿದ್ರು. ಆದ್ರೆ ಅದರ ಮೈ ಎಲ್ಲಾ ಕಡೆ ಬೇರೆ ಬೇರೆ ಬಾಗಿರೋದ್ರಿಂದ ಒಂದು ಹಲಗೆ ಥರ ಇನ್ನೊಂದಿಲ್ಲ, ಕಂಪ್ಯೂಟರ್ ಇಲ್ಲದೇ ಆಗದ ಕೆಲಸ. ನೀವು ಅಲ್ಲಿಗೆ ಹೋಗ್ಬೇಡಿ, ಸಾದಾ ಕಮಾನೇ ಮಾಡಿ, ಎಲ್ಲಾ ಪಟ್ಟಿ ಒಂದೇ ಆಗಿರ್ಲಿ, ನಾಲ್ಕು ಕಾರ್ಪೆಂಟರ್‌ಗಳಿಗೆ ಒಂದು ಜಿಗ್, ಅಂದ್ರೆ ಅಳತೆಯ ಅಚ್ಚು, ಸಾಕು. ಡೈಮಂಡ್ ನೆರಳು ನೆಲಕ್ಕೆ ಬೀಳೋದನ್ನ ನೋಡಿದ್ಮೇಲೆ ಸಾದಾ ಅಂತ ಯಾರೂ ಅನ್ನಲ್ಲ.

ಲೆಕ್ಕ ಅಂದಾಜಲ್ಲಿ ಹೇಳೋದಾದ್ರೆ, 8 ಮೀಟರ್ ಸ್ಪ್ಯಾನಿಗೆ ಎರಡೂವರೆ ಮೀಟರ್ ಎತ್ತರದ ಕಮಾನು ಅಂದ್ಕೊಳ್ಳಿ, ಕಮಾನಿನ ಉದ್ದ ಸುಮಾರು 10 ಮೀಟರ್, ಮೈ 80 ಚದರ ಮೀಟರ್. ಒಂದೊಂದು ಡೈಮಂಡಿನ ಬದಿ 1.2 ಮೀಟರ್ ಇಟ್ರೆ 90 ಪಟ್ಟಿ ಆಸುಪಾಸು, ಅಂದ್ರೆ 23 ಶೀಟು. ಒಟ್ಟು 800 ಕೆಜಿ ಚಿಲ್ಲರೆ, ಕ್ರೇನಿನ ಮಾತೇ ಇಲ್ಲ. ಕಮಾನನ್ನ ಸೊಂಟದೆತ್ತರದ ಬೆಂಚ್ ಗೋಡೆ ಮೇಲಿಂದ ಎಬ್ಬಿಸಿದ್ರೆ ಬದಿಯಲ್ಲೂ ತಲೆ ತಾಗಲ್ಲ. ಇಂಥ ಹೆಣಿಗೇಲಿ ವೀಕ್ ಪಾಯಿಂಟು ಎರಡು. ಜಾಯಿಂಟ್ ಮೆತ್ತಗಿರತ್ತೆ, ಒಂದೇ ಬೋಲ್ಟ್ ಆದ್ದರಿಂದ ಕಾಲ ಕಳೆದ ಹಾಗೆ ಛಾವಣಿ ಜಗ್ಗತ್ತೆ, ಹಳೇ ಜೋಲಿಂಗರ್ ಛಾವಣಿಗಳಲ್ಲಿ ಇದು ಕಂಡಿದೆ, ಮೂರು ತಿಂಗಳಿಗೆ ದೊಡ್ಡ ವಿಷಯ ಅಲ್ಲ ಆದ್ರೆ ಮೇಲೆ ಅಡ್ಡ ರೀಪರ್ ಓಡಿಸಿ ಡೈಮಂಡನ್ನ ತ್ರಿಕೋನ ಮಾಡಿಬಿಡಿ. ಎರಡನೇದು, ಕಮಾನು ಬುಡದಲ್ಲಿ ಹೊರಕ್ಕೆ ತಳ್ಳತ್ತೆ, ಅದನ್ನ ಹಿಡಿಯೋಕೆ ಎರಡೂ ಬುಡಗಳನ್ನ ಒಂದಕ್ಕೊಂದು ಎಳೆದು ಕಟ್ಟೋ ಟೈ ರಾಡು ಬೇಕು, ಇಲ್ಲಾ ಬುಡ ಭಾರ ಇರ್ಬೇಕು.

ಭಾರದ ವಿಷಯ ಬಂತು, ಇಲ್ಲೇ ಹೆಚ್ಚಿನ ಜನ ಎಡವೋದು. ಇಷ್ಟು ಹಗುರ ಛಾವಣಿ ಕೆಳಗೆ ಬೀಳಲ್ಲ, ಮೇಲಕ್ಕೆ ಹಾರತ್ತೆ. ಗಾಳಿಯ ಕೋಡ್ ಐಎಸ್ 875 ಭಾಗ 3ರ ಪ್ರಕಾರ ಮೈಸೂರು ಬೆಂಗಳೂರಿಗೆ ಮೂಲ ಗಾಳಿವೇಗ ಸೆಕೆಂಡಿಗೆ 33 ಮೀಟರ್, ಮಂಗಳೂರಿಗೆ 39. ತಾತ್ಕಾಲಿಕ ಕಟ್ಟಡಕ್ಕೆ ಕೋಡ್ ರಿಯಾಯಿತಿ ಕೊಡತ್ತೆ, 33ರ ವಲಯಕ್ಕೆ 0.82 ಗುಣಕ, ಅಲ್ಲಿಗೆ 27 ಮೀಟರ್ ಆಯ್ತು, ಅದನ್ನ ವರ್ಗ ಮಾಡಿ 0.6ರಿಂದ ಗುಣಿಸಿದ್ರೆ ಚದರ ಮೀಟರಿಗೆ 44 ಕೆಜಿ ಹತ್ರ ಒತ್ತಡ. ನಿಮ್ಮ ಛಾವಣಿ ಹೊದಿಕೆ ಸೇರಿ ಚದರ ಮೀಟರಿಗೆ 15 ಕೆಜಿ ತೂಗಿದ್ರೆ ಹೆಚ್ಚು. ಎರಡೂ ತುದಿ ತೆರೆದಿರೋ ಛಾವಣಿಗೆ ಆ ಒತ್ತಡ ಪೂರ್ತಿ ಮೇಲ್ಮುಖವಾಗಿ ಹಿಡೀತು ಅಂತ ಇಟ್ಕೊಂಡ್ರೆ 64 ಚದರ ಮೀಟರಿಗೆ 2.8 ಟನ್ ಎತ್ತುತ್ತೆ, ಅದಕ್ಕೆ ಒಂದೂವರೆ ಪಟ್ಟು ಸೇಫ್ಟಿ ಹಾಕಿ ಸ್ವಂತ ತೂಕ ಕಳೆದ್ರೆ ಮೂರೂ ಕಾಲು ಟನ್ ಭಾರ ಬುಡದಲ್ಲಿ ಕೂರಿಸ್ಬೇಕು. ಇದು ಅಂದಾಜು, ಸ್ಟ್ರಕ್ಚರಲ್ ಎಂಜಿನಿಯರ್ ಕೈಲಿ ಸರಿಯಾಗಿ ಮಾಡಿಸಿ. ಫೆಬ್ರವರೀಲಿ ಉದ್ಘಾಟನೆ ದಿನ ಎಲೆ ಅಲ್ಲಾಡಲ್ಲ, ಏಪ್ರಿಲ್ ನಡುವೆ ಅಶ್ವಿನಿ ಮಳೆ ಶುರುವಾಗೋ ಹೊತ್ತಿಗೆ ಸಂಜೆ ನಾಲ್ಕಕ್ಕೆ ಬರೋ ಗಾಳಿ ನೋಡಿದ್ದೀರಲ್ಲ, ಆ ಗಾಳಿಗೆ ಡಿಸೈನ್ ಮಾಡ್ಬೇಕು.

ಮೇಳದ ಮೈದಾನದಲ್ಲಿ ಪಾಯ ಅಗೆಯೋಕೆ ಬಿಡಲ್ಲ ಅಂದ್ಕೊಳ್ತೀನಿ. ಹಾಗಾದ್ರೆ ಈ ಭಾರವನ್ನೇ ಡಿಸೈನ್ ಮಾಡಿ, ಇಲ್ಲಿ ಆಟ ಆಡೋಕೆ ಒಳ್ಳೆ ಜಾಗ ಇದೆ. ಕತ್ತರಿಸದ ಪೂರ್ತಿ ಶೀಟುಗಳಿಂದ ಎರಡೂ ಬದಿ ಉದ್ದಕ್ಕೆ ಪೆಟ್ಟಿಗೆ ಬೆಂಚು ಮಾಡಿ, ಒಳಗೆ 50 ಕೆಜಿಯ ಮರಳು ಮೂಟೆ ಎಪ್ಪತ್ತು ಹಿಡಿಸತ್ತೆ, ಜನ ಕೂರ್ತಾರೆ, ಕಮಾನಿನ ಬುಡವೂ ಅಲ್ಲೇ ಕೂರತ್ತೆ. ಬುಡದ ಪಟ್ಟಿಗಳನ್ನ ಬೆಂಚಿನ ಚೌಕಟ್ಟಿಗೆ ಬೋಲ್ಟ್ ಮಾಡೋದು ಮರೀಬೇಡಿ, ಮೂಟೆ ಪಕ್ಕದಲ್ಲಿ ಇದ್ರೆ ಸಾಲದು, ಗಾಳಿ ಎಳೆದಾಗ ಆ ಭಾರ ಕೈಗೆ ಸಿಗ್ಬೇಕು.

ನಿಮಗೆ ಈ ಡೈಮಂಡ್ ಬೇಡ, ಬಾಗಿದ ನಯವಾದ ಆಕಾರವೇ ಬೇಕು ಅಂದ್ರೆ ಎರಡನೇ ದಾರಿ ಪ್ಲೈಯನ್ನ ಬಗ್ಗಿಸೋದು. ಸ್ಟುಟ್‌ಗಾರ್ಟ್ ವಿಶ್ವವಿದ್ಯಾಲಯದಲ್ಲಿ ಆಖಿಮ್ ಮೆಂಗೆಸ್, ಯಾನ್ ಕ್ನಿಪ್ಪರ್ಸ್ ತಂಡಗಳು 2010ರಲ್ಲಿ ಪೆವಿಲಿಯನ್ ಮಾಡಿದ್ದು ಬರೀ 6.5 ಎಂಎಂ ಬರ್ಚ್ ಮರದ ಪ್ಲೈ ಪಟ್ಟಿಗಳಿಂದ. ಚಪ್ಪಟೆಯಾಗಿ ಕತ್ತರಿಸಿ, ಸೈಟಲ್ಲಿ ಬಗ್ಗಿಸಿ ಒಂದಕ್ಕೊಂದು ಸಿಕ್ಕಿಸಿದ್ರು, ಬಗ್ಗಿದ ಪಟ್ಟಿ ನೆಟ್ಟಗಾಗೋಕೆ ನೋಡತ್ತೆ, ಪಕ್ಕದ್ದು ಬಿಡಲ್ಲ, ಆ ಹಗ್ಗಜಗ್ಗಾಟವೇ ಅದಕ್ಕೆ ಬಿಗಿ ಕೊಟ್ಟಿತ್ತು. ರೋಬೋಟ್ ಬೇಕಾಗಿದ್ದು ಕತ್ತರಿಸೋಕೆ, ಬಗ್ಗಿಸೋಕಲ್ಲ.

ಬಗ್ಗಿಸೋದ್ರಲ್ಲಿ ಒಂದು ಲೆಕ್ಕ ತಿಳ್ಕೊಂಡ್ರೆ ಸಾಕು. ಬಗ್ಗಿಸಿದಾಗ ಬರೋ ಒತ್ತಡ ದಪ್ಪಕ್ಕೆ ನೇರವಾಗಿ ಏರತ್ತೆ, ಬಿಗಿತನ ಮಾತ್ರ ದಪ್ಪದ ಘನಕ್ಕೆ ಏರತ್ತೆ. 6 ಎಂಎಂ ಪ್ಲೈಯನ್ನ 2 ಮೀಟರ್ ತ್ರಿಜ್ಯಕ್ಕೆ ಬಗ್ಗಿಸಿದ್ರೆ, ಸ್ಥಿತಿಸ್ಥಾಪಕತೆ ಚದರ ಎಂಎಂಗೆ 8000 ನ್ಯೂಟನ್ ಅಂತ ಹಿಡಿದ್ರೆ, ಚದರ ಎಂಎಂಗೆ 12 ನ್ಯೂಟನ್ ಒತ್ತಡ, 12 ಎಂಎಂ ಆದ್ರೆ 24, ಅಲ್ಲಿ ಟಪ್ ಅನ್ನೋ ಭಯ. ಆದ್ರೆ ಎರಡು 6 ಎಂಎಂ ಪದರಗಳನ್ನ ಬೇರೆ ಬೇರೆ ಜಾರೋಕೆ ಬಿಟ್ಟು ಬಗ್ಗಿಸಿ, ಆಕಾರಕ್ಕೆ ಬಂದ್ಮೇಲೆ ಹತ್ತಿರ ಹತ್ತಿರ ಬೋಲ್ಟ್ ಬಿಗಿದ್ರೆ ಒತ್ತಡ 12ರಲ್ಲೇ ಉಳಿಯತ್ತೆ, ಬಿಗಿ ಮಾತ್ರ 12 ಎಂಎಂ ಶೀಟಿನ ಹತ್ತಿರಕ್ಕೆ ಬರತ್ತೆ. ಇದೇ ಉಪಾಯವನ್ನ ಜರ್ಮನಿಯ ಮಾನ್‌ಹೈಮ್ ಊರಲ್ಲಿ ಆರ್ಕಿಟೆಕ್ಟ್ ಫ್ರೈ ಓಟೋ ಅವರ ಮಲ್ಟಿಹಾಲೆ ಅನ್ನೋ ಸಭಾಂಗಣದಲ್ಲಿ ನೋಡಬಹುದು. 1975ರ ಉದ್ಯಾನ ಮೇಳಕ್ಕೆ ಅಂತ ತಾತ್ಕಾಲಿಕವಾಗಿ ಮಾಡಿದ್ದು, 50 ಎಂಎಂ ಚೌಕದ ಹೆಮ್ಲಾಕ್ ಮರದ ರೀಪರ್‌ಗಳ ಜಾಲ, ಎರಡು ಪದರ, ನೆಲದ ಮೇಲೆ ಚಪ್ಪಟೆಯಾಗಿ ಹಾಸಿ ಕೆಳಗಿಂದ ನೂಕಿ ಎಬ್ಬಿಸಿದ್ರು, ಉದ್ದನೆ ತೂತಿನಲ್ಲಿ ಬೋಲ್ಟ್ ಜಾರ್ತಾ ಹೋಗಿ ಕೊನೇಲಿ ಬಿಗಿದ್ರು. ಹೊರೆ ಪರೀಕ್ಷೆಗೆ ಕಸದ ಡಬ್ಬಿಗಳಿಗೆ ನೀರು ತುಂಬಿ ನೇತು ಹಾಕಿದ್ರಂತೆ. ತಾತ್ಕಾಲಿಕ ಅಂದಿದ್ದು ಇವತ್ತಿಗೂ ನಿಂತಿದೆ.

ನಿಮ್ಮ ಸ್ಟುಡಿಯೋದಲ್ಲಿ ಯಾರಾದ್ರೂ ಫ್ಲೆಕ್ಸಿ ಪ್ಲೈ ಅಂತ ಸಲಹೆ ಕೊಡ್ತಾರೆ ನೋಡಿ, ಅದು ಸೋಫಾ, ಕೌಂಟರ್ ಮೈಗೆ. ಸುಲಭವಾಗಿ ಬಗ್ಗತ್ತೆ ಅನ್ನೋದೇ ಅದರ ತೊಂದರೆ, ಹಗ್ಗಜಗ್ಗಾಟಕ್ಕೆ ಬೇಕಾದ ಎದುರು ಬಲ ಅದರಲ್ಲಿಲ್ಲ. ಮಾಮೂಲಿ 6 ಎಂಎಂ ಬಿಡಬ್ಲ್ಯೂಪಿ (ಕುದಿಯೋ ನೀರಿಗೂ ಅಂಟು ಬಿಡದ) ಪ್ಲೈ ತಗೊಳ್ಳಿ, ಮೇಲಿನ ವಿನೀರಿನ ನಾರು ಉದ್ದಕ್ಕಿದ್ಯಾ ಅಡ್ಡಕ್ಕಿದ್ಯಾ ನೋಡಿ, ಒಂದೇ ಶೀಟು ಒಂದು ದಿಕ್ಕಿಗೆ ಬಗ್ಗೋದಕ್ಕೂ ಇನ್ನೊಂದು ದಿಕ್ಕಿಗೆ ಬಗ್ಗೋದಕ್ಕೂ ಅಜಗಜಾಂತರ. ಅಂಗಡೀಲೇ ಒಂದು ಪಟ್ಟಿ ಸೀಳಿಸಿ ಬಗ್ಗಿಸಿ ನೋಡಿ, ಕೋರ್ ಒಳಗೆ ಸಂದಿ ಇದ್ರೆ ಅಲ್ಲೇ ಮುರಿಯತ್ತೆ, ಶೀಟಿನ ಯೋಗ್ಯತೆ ಗೊತ್ತಾಗತ್ತೆ.

ಮೂರನೇ ದಾರಿ ಟೊಳ್ಳು ಪೆಟ್ಟಿಗೆಗಳು. 2019ರಲ್ಲಿ ಜರ್ಮನಿಯ ಹೈಲ್‌ಬ್ರಾನ್ ಊರಿನ ಉದ್ಯಾನ ಮೇಳದ (ಬುಗಾ) ಪೆವಿಲಿಯನ್ನಲ್ಲಿ 376 ಟೊಳ್ಳು ಮರದ ಪೆಟ್ಟಿಗೆಗಳನ್ನ ಜೋಡಿಸಿ 30 ಮೀಟರ್ ದಾಟಿದ್ರು, ತೂಕ ಚದರ ಮೀಟರಿಗೆ 38 ಕೆಜಿ ಅಷ್ಟೇ, ಬೋಲ್ಟ್ ಹಾಕಿದ್ದರಿಂದ ಬಿಚ್ಚಿ ಬೇರೆ ಕಡೆ ನಿಲ್ಲಿಸಬಹುದು. ಆದ್ರೆ ಪ್ರತಿ ಪೆಟ್ಟಿಗೆಯ ಕೋನವೂ ಬೇರೆ, ಮಿಲಿಮೀಟರಿಗಿಂತ ಸಣ್ಣ ತಪ್ಪಿದ್ರೂ ಕೂರಲ್ಲ, ಅಲ್ಲಿ ರೋಬೋಟ್ ನಿಜವಾಗ್ಲೂ ಬೇಕು. ನಿಮಗಲ್ಲ, ಬಿಟ್ಬಿಡಿ.

ಯಾವ ದಾರಿ ಹಿಡಿದ್ರೂ ಕಾರ್ಖಾನೆ ಮಟ್ಟದ ಕೆಲವು ಕಿರಿಕಿರಿ ಇದ್ದೇ ಇರತ್ತೆ. ನಮ್ಮ 18 ಎಂಎಂ ಪ್ಲೈ 18 ಇರಲ್ಲ, ಒಂದು ಶೀಟು 17.2 ಬಂದ್ರೆ ಇನ್ನೊಂದು 18.3, ಆದ್ರಿಂದ ಕಚ್ಚು ಹಾಕಿ ಕೂರಿಸೋ ಜಾಯಿಂಟ್ ಇದ್ರೆ ಬಂದ ಶೀಟನ್ನೆಲ್ಲ ವರ್ನಿಯರ್ ಹಿಡಿದು ಅಳೆದು ದಪ್ಪದ ಪ್ರಕಾರ ಗುಂಪು ಮಾಡಿ, ಅರ್ಧ ಎಂಎಂ ಸಡಿಲ ಬಿಡಿ, ಮಳೆಗೆ ಉಬ್ಬಿದಾಗ ಬಿಚ್ಚೋಕಾಗ್ಬೇಕಲ್ಲ. ರೂಟರ್ ಬಿಟ್ಟು ಗುಂಡಗಿರೋದ್ರಿಂದ ಒಳಮೂಲೆ ಚೌಕ ಬರಲ್ಲ, ಮೂಲೇಲಿ ಸ್ವಲ್ಪ ಹೆಚ್ಚಿಗೆ ಕೊರೆಯೋ ಹಾಗೆ ಡ್ರಾಯಿಂಗಲ್ಲೇ ಹಾಕಿ, ಇಲ್ಲಾಂದ್ರೆ ಕಾರ್ಪೆಂಟರ್ ಉಳಿ ಹಿಡಿದು ನೂರಾರು ಮೂಲೆ ಕೆತ್ತುತ್ತಾ ಕೂರ್ತಾರೆ, ನಿಮಗೆ ಬೈಕೋತಾ. ಪ್ಲೈನ ಅಂಚಿಗೆ ಸ್ಕ್ರೂ ಹೊಡೀಬೇಡಿ, ಪದರ ಸೀಳತ್ತೆ. ಮೈಗೆ ಅಡ್ಡವಾಗಿ ಬೋಲ್ಟ್, ದೊಡ್ಡ ವಾಷರ್. ಬೆಣೆ ಹೊಡೆಯೋ ಜಾಯಿಂಟ್ ನಿಮ್ಮ ಕಾರ್ಪೆಂಟರ್‌ಗಳಿಗೆ ಗೊತ್ತಿದ್ರೆ ಅವರನ್ನೇ ಕೇಳಿ ಡಿಸೈನ್ ಮಾಡಿಸಿ, ಬಿಚ್ಚೋಕೆ ಅದರಷ್ಟು ಸಲೀಸಾದ್ದು ಇನ್ನೊಂದಿಲ್ಲ.

ವಾಟರ್‌ಪ್ರೂಫ್ ಅಂತ ಅಂಗಡಿಯವರು ಹೇಳೋದನ್ನ ಅರ್ಧ ಮಾತ್ರ ನಂಬಿ. ಐಎಸ್ 710 ಮರೀನ್ ಪ್ಲೈಯನ್ನ 72 ಗಂಟೆ ನೀರಲ್ಲಿ ಕುದಿಸಿ ಟೆಸ್ಟ್ ಮಾಡ್ತಾರೆ, ಅದು ಅಂಟಿನ ಪರೀಕ್ಷೆ, ಅಂಟು ಬಿಡಲ್ಲ ಅಷ್ಟೇ, ಮರ ನೀರು ಕುಡಿಯೋದು ಕುಡಿದೇ ಕುಡಿಯತ್ತೆ, ಅದೂ ಅಂಚಿನಿಂದ. ಶಟರಿಂಗ್ ಪ್ಲೈ ಮೈಗೆ ಫಿಲ್ಮ್ ಇದೆ, ನೀವು ಸೀಳಿದ ಅಂಚಿಗಿಲ್ಲ, ಅದಕ್ಕೆ ಎರಡು ಕೋಟ್ ಪೇಂಟ್ ಹೊಡೀರಿ. ಅಂಚಿಗೆ ಮಾತ್ರ ಒಂದು ಗಾಢ ಬಣ್ಣ ಹೊಡೆದ್ರೆ ಡೈಮಂಡಿನ ಗೆರೆಗಳು ಎದ್ದು ಕಾಣ್ತವೆ, ಕುಂಕುಮದ ಕೆಂಪು ಇರ್ಲಿ ಅಂತ ನನ್ನ ಆಸೆ, ನಿಮ್ಮಿಷ್ಟ. ಎಂಆರ್ ಗ್ರೇಡ್ (ಬರೀ ತೇವ ತಡೆಯೋ ಪ್ಲೈ) ಮಾತ್ರ ಹೊರಗಡೆಗೆ ಬೇಡವೇ ಬೇಡ.

ಇನ್ನೊಂದು, ಬೆಂಚಿನ ಬೆನ್ನಿಗೋ ಒಳಮೈಗೋ ಬಿದಿರು ಚಾಪೆ ಬೋರ್ಡ್ ಯೋಚನೆ ಮಾಡಿ. ಹೆಣೆದ ಬಿದಿರು ಚಾಪೆಗಳನ್ನ ಅಂಟಿನಲ್ಲಿ ಅದ್ದಿ ಪ್ರೆಸ್ ಮಾಡಿದ್ದು, ಬೆಂಗಳೂರಿನ ತುಮಕೂರು ರಸ್ತೆಯ ಪ್ಲೈವುಡ್ ಸಂಶೋಧನಾ ಸಂಸ್ಥೆ ಇಪಿರ್ಟಿ ಬೆಳೆಸಿದ ತಂತ್ರಜ್ಞಾನ, ಕರಕುಶಲ ಮೇಳಕ್ಕೆ ಇದಕ್ಕಿಂತ ಹೊಂದೋ ಎಂಜಿನಿಯರ್ಡ್ ಬೋರ್ಡ್ ನನಗಂತೂ ಗೊತ್ತಿಲ್ಲ. ಮರದ ಟೆಸ್ಟಿಂಗ್ ಏನಾದ್ರೂ ಬೇಕಾದ್ರೆ ಮಲ್ಲೇಶ್ವರದ ಮರವಿಜ್ಞಾನ ಸಂಸ್ಥೆ, ಐಡಬ್ಲ್ಯೂಎಸ್‌ಟಿ, ಅಲ್ಲಿ ವಿಚಾರಿಸಿ.

ಬೆಂಕಿ ವಿಷಯಕ್ಕೆ ಫೈರ್ ಇಲಾಖೆಯವರು ಮೊದಲು ಕೇಳೋದು ಹೊದಿಕೆ ಬಟ್ಟೆ ಯಾವುದು, ವೈರಿಂಗ್ ಹೇಗೆ, ಜನ ಎಷ್ಟು ಬಾಗಿಲಲ್ಲಿ ಹೊರಗೆ ಹೋಗ್ತಾರೆ ಅಂತ. ಎರಡೂ ತುದಿ ತೆರೆದ ಕಮಾನು ಅಂದ್ರೆ ಕೊನೇ ಪ್ರಶ್ನೆ ಸಲೀಸು. ಸ್ಟಾಲ್ ಒಳಗೆ ದೀಪ, ಒಲೆ ಏನಾದ್ರೂ ಬರೋದಿದ್ರೆ ಅದರ ಸುತ್ತಮುತ್ತ ಐಎಸ್ 5509 ಗುರುತಿರೋ ಫೈರ್ ರಿಟಾರ್ಡೆಂಟ್ ಪ್ಲೈ ಹಾಕಿ. ಮತ್ತೆ ಕಂಟ್ರಾಕ್ಟರ್ ಜತೆ ಮಾತಾಡುವಾಗ ಬಣ್ಣ ಹೊಡೆದ ಅಂಚು ಅವರಿಗೆ ಓಕೆನಾ, ಬೋಲ್ಟ್ ತೂತು ಎಷ್ಟು ಎಂಎಂ ಇದ್ರೆ ಒಪ್ತಾರೆ ಅನ್ನೋದನ್ನ ರೂಟರ್ ಆನ್ ಮಾಡೋಕೆ ಮುಂಚೆ ಕೇಳ್ಕೊಳ್ಳಿ, ಡ್ರಾಯಿಂಗ್ ಅದರ ಪ್ರಕಾರ ತಿದ್ದಿ.